ಇಂಗ್ಲಿಷ್ ಕಣಿವೆಯೂ ನಮ್ಮ ಹೊಳೆಯ ಬಯಲೂ

ಹೊಸಗನ್ನಡ ಕವಿತೆಯ ವಿಚಾರವಾಗಿ ಮಾತನಾಡುವಾಗ ನಮ್ಮಲ್ಲಿ ಒಂದು ರೂಢಿ ಬಹುಕಾಲದಿಂದ ನಡೆದುಬಂದಿದೆ. ಕವಿಯೊಬ್ಬನು ಬೆಟ್ಟವನ್ನೋ ಹೊಳೆಯನ್ನೋ ಹಾಡಿದನೆಂದರೆ ಸಾಕು, ಅವನು ‘ಕನ್ನಡದ ವರ್ಡ್ಸ್‌ವರ್ತ್’ ಆಗಿಬಿಡುತ್ತಾನೆ. ಪ್ರೇಮವನ್ನು ಹಾಡಿದವನು ಬರ್ನ್ಸ್ ಆಗುತ್ತಾನೆ. ಹರಟೆ ಬರೆದವನು ಚಾರ್ಲ್ಸ್ ಲ್ಯಾಂಬ್ ಆಗುತ್ತಾನೆ. ನವೋದಯದ ಕಾಲದವರು ಈ ಹೋಲಿಕೆಯನ್ನು ಹೊಗಳಿಕೆಯಾಗಿ ಆಡಿದರು. ಅವರ ತರುವಾಯ ಬಂದವರು ಅದೇ ಹೋಲಿಕೆಯನ್ನು ತೆಗಳಿಕೆಯಾಗಿ ತಿರುಗಿಸಿ, ಇವರದೆಲ್ಲ ಆಮದು ಮಾಡಿಕೊಂಡ ನಿಸರ್ಗ, ಕಾಲೇಜಿನ ಪಠ್ಯಪುಸ್ತಕದಿಂದ ಎದ್ದುಬಂದ ಹಸುರು ಎಂದರು. ಹೊಗಳಿದವರೂ ತೆಗಳಿದವರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದವರು: ನಮ್ಮ ಕವಿ ನೋಡಿದ್ದು ಇಂಗ್ಲೆಂಡಿನ ಕಣಿವೆಯನ್ನು, ಹೆಸರಿಟ್ಟದ್ದು ಮಾತ್ರ ಕನ್ನಡದಲ್ಲಿ ಎಂದು.

ಕನ್ನಡ ಬೋಧಿಸುವ ಕೆಲಸದಲ್ಲಿರುವ ನನಗೆ ಈ ರೂಢಿಯ ಫಲ ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ಕಾಣಸಿಗುತ್ತದೆ. ಕಬ್ಬಿನ ಗದ್ದೆಯ ನಡುವೆ ಹುಟ್ಟಿ ಬೆಳೆದ ಹುಡುಗರು ‘ನಿಸರ್ಗಕವಿ’ ಎಂಬ ಪ್ರಶ್ನೆ ಬಂದೊಡನೆ ಡ್ಯಾಫೊಡಿಲ್ ಹೂವಿನ ವಿಚಾರ ಬರೆಯುತ್ತಾರೆ. ಆ ಹೂವನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ತಮ್ಮ ಊರಿನ ಹೆಸರು ಒಂದು ಸಾಹಿತ್ಯಕೃತಿಯೊಳಗೆ ಬರಬಹುದೆಂಬ ಎಣಿಕೆಯೇ ಅವರಿಗಿರುವುದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ವಿದ್ವಾಂಸರ ಆಕರಶೋಧನೆಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಇಂಗ್ಲಿಷ್ ಕಣಿವೆಯಿಂದ ನಮ್ಮವರು ನಿಜವಾಗಿ ತಂದುದೇನು, ಬಿಟ್ಟುಬಂದುದೇನು ಎಂಬುದನ್ನು ಒಂದು ಸಣ್ಣ ಪ್ರದೇಶದ ಮಟ್ಟಿಗಾದರೂ ಲೆಕ್ಕ ಹಾಕಿ ನೋಡಬೇಕು.

ಆ ಪ್ರದೇಶವನ್ನು ಆಯ್ದುಕೊಳ್ಳುವುದು ಕಷ್ಟವಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಒತ್ತಿಕೊಂಡಿವೆ. ನಾಗಮಂಗಲದ ಕಡೆಯಿಂದ ಲೋಕಪಾವನಿಯೆಂಬ ಪುಟ್ಟ ಹೊಳೆ ಪಾಂಡವಪುರದ ಸೀಮೆಯನ್ನು ಹಾದು ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಪೇಟೆಯ ಸೀಮೆಗೆ ಹೇಮಾವತಿ ಇದ್ದಾಳೆ. ಇಷ್ಟು ಸಣ್ಣ ನೆಲದಿಂದ ಹೊಸಗನ್ನಡಕ್ಕೆ ದೊರೆತವರನ್ನು ನೋಡಿ: ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರವಾದ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು, ಪು. ತಿ. ನರಸಿಂಹಾಚಾರ್ಯರ ಮೇಲುಕೋಟೆ ಪಾಂಡವಪುರ ತಾಲ್ಲೂಕಿನದು, ಎ. ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು, ಕೆ. ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಎರಡೂ ಕೃಷ್ಣರಾಜಪೇಟೆಯವು. ಶ್ರೀರಂಗಪಟ್ಟಣವಂತೂ ಚಿಕ್ಕದೇವರಾಯನ ಕಾಲದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಂಚಿಯ ಹೊನ್ನಮ್ಮ ಇವರಿದ್ದ ರಾಜಧಾನಿ. ಇಂಗ್ಲಿಷ್ ಕವಿತೆಯನ್ನು ಕನ್ನಡಕ್ಕೆ ಕರೆತಂದವರೂ ಅದರಿಂದ ಹೊಸದನ್ನು ಮಾಡಿದವರೂ ಒಂದೇ ಹೊಳೆಯ ಬಯಲಿನವರಾಗಿರುವುದು ನಮ್ಮ ವಿಚಾರಣೆಗೆ ಅನುಕೂಲವೇ ಸರಿ.

ಮೊದಲು ಆ ಇಂಗ್ಲಿಷ್ ಕಣಿವೆ ಎಂತಹುದೆಂದು ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಅನುಕೂಲಸ್ಥರಲ್ಲಿ ಹಳ್ಳಿಗಾಡಿನ ಕಣಿವೆಗಳನ್ನು ನೋಡಿಬರುವ ಹವ್ಯಾಸ ಬೆಳೆಯಿತು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ಕಣಿವೆಯಲ್ಲಿ ಸಂಚರಿಸಿ ೧೭೮೨ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಎಲ್ಲಿ ನಿಂತು ನೋಡಿದರೆ ಬೆಟ್ಟ, ನೀರು, ಪಾಳುಗುಡಿ ಮೂರೂ ಚಿತ್ರದಂತೆ ಹೊಂದಿಕೊಳ್ಳುತ್ತವೆ ಎಂಬುದು ಅದರ ವಿಷಯ. ಆದರೆ ಗಿಲ್ಪಿನ್ ಪ್ರಾಮಾಣಿಕ ಮನುಷ್ಯ. ಟಿಂಟರ್ನ್ ಮಠದ ಪಾಳುಗೋಡೆಗಳ ನಡುವೆ ದಿಕ್ಕಿಲ್ಲದ ಬಡವರು ವಾಸಿಸುತ್ತಿದ್ದುದನ್ನೂ, ಅಲ್ಲಿಂದ ಸ್ವಲ್ಪ ದೂರದಲ್ಲೇ ಕಬ್ಬಿಣದ ಕುಲುಮೆಗಳು ಸದ್ದು ಮಾಡುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ೧೭೯೮ರ ಜುಲೈ ತಿಂಗಳಲ್ಲಿ ಅದೇ ಕಣಿವೆಗೆ ಎರಡನೆಯ ಬಾರಿ ಬಂದ ವರ್ಡ್ಸ್‌ವರ್ತ್ ತನ್ನ ಪ್ರಸಿದ್ಧ ಕವಿತೆಯನ್ನು ಬರೆದ. ಅದರಲ್ಲಿ ಕುಲುಮೆಯ ಸದ್ದಿಲ್ಲ. ಬಡವರು ಕಾಡಿನ ನಡುವೆ ಏಳುವ ಹೊಗೆಯಾಗಿ ಮಾತ್ರ ಉಳಿದಿದ್ದಾರೆ. ಆ ಕಣಿವೆಯ ಮೌನವು ಅಲ್ಲಿ ಸಹಜವಾಗಿ ಇದ್ದುದಲ್ಲ, ಕವಿ ಆಯ್ದುಕೊಂಡದ್ದು. ಇತ್ತೀಚಿನ ಇಂಗ್ಲಿಷ್ ವಿಮರ್ಶಕರು ಇದನ್ನು ಒತ್ತಿ ಹೇಳಿದ್ದಾರೆ. ನಮ್ಮ ಪಾಠಗಳಿಗೆ ಈ ಮಾತು ಇನ್ನೂ ಇಳಿದಿಲ್ಲ.

ಮರುವರ್ಷದ ಪಂಚಾಂಗವನ್ನು ತೆರೆದರೆ ನಮ್ಮ ನೆಲಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಕಾಣುತ್ತದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಒಡೆಯಿತು, ಟಿಪ್ಪು ಮಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ವರ್ಡ್ಸ್‌ವರ್ತ್ ತನ್ನ ತಂಗಿ ಡಾರತಿಯೊಡನೆ ಗ್ರಾಸ್‌ಮಿಯರ್ ಎಂಬ ಕಣಿವೆಯ ಪುಟ್ಟ ಮನೆಯಲ್ಲಿ ನೆಲೆಸಿದ. ಒಂದೇ ನಾಡಿನ ಜನ. ಒಂದು ಕಡೆ ಫಿರಂಗಿ, ಇನ್ನೊಂದು ಕಡೆ ಕೊಳದ ದಡದ ಪ್ರಶಾಂತಿ. ಎರಡಕ್ಕೂ ಸಂಬಂಧವೇ ಇಲ್ಲವೆನ್ನಲು ಬರುವುದಿಲ್ಲ. ಕವಿಯ ತಮ್ಮ ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನನಾಗಿದ್ದ. ೧೮೦೫ರಲ್ಲಿ ಪೂರ್ವದೇಶಗಳ ವ್ಯಾಪಾರಕ್ಕೆ ಹೊರಟ ಹಡಗು ಇಂಗ್ಲೆಂಡಿನ ದಡದ ಬಳಿಯೇ ಮುಳುಗಿ ಅವನೂ ಮುಳುಗಿದ. ಆ ಪಯಣದಲ್ಲಿ ಅಣ್ಣ ತಂಗಿಯರ ಹಣವೂ ತೊಡಗಿತ್ತು. ಇದನ್ನು ಹೇಳುವುದು ಕವಿಯ ಮೇಲೆ ಆಪಾದನೆ ಹೊರಿಸುವುದಕ್ಕಲ್ಲ. ಅವನ ದುಃಖವೂ ನಿಜ, ಕವಿತೆಯೂ ನಿಜ. ಆದರೆ ಯಾವ ಕಣಿವೆಯ ಶಾಂತಿಯನ್ನು ನಾವು ಶುದ್ಧ ನಿಸರ್ಗವೆಂದು ಪಾಠ ಓದಿದೆವೋ ಅದು ಲೋಕದ ಗದ್ದಲದಿಂದ ಅಷ್ಟೇನೂ ದೂರವಿರಲಿಲ್ಲವೆಂದು ತಿಳಿದಿರುವುದು ಒಳ್ಳೆಯದು.

ಹಾಗಾದರೆ ನಮ್ಮವರಿಗೆ ಆ ಕವಿತೆಯಿಂದ ದೊರೆತುದೇನು? ದೊರೆತುದು ಬಹಳ ದೊಡ್ಡದೇ: ಒಂದು ನಿಶ್ಚಿತವಾದ ಜಾಗ, ಒಂದು ನಿಶ್ಚಿತವಾದ ದಿನ. ನಮ್ಮ ಹಳೆಯ ಚಂಪೂಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳ ನಿಯಮವಿತ್ತು. ಸಮುದ್ರ, ಪರ್ವತ, ಋತು, ಚಂದ್ರೋದಯ ಇವೆಲ್ಲ ಬರಲೇಬೇಕು. ಕವಿ ಸಮುದ್ರವನ್ನು ಕಂಡಿರಬೇಕೆಂಬ ನಿಯಮ ಮಾತ್ರ ಇರಲಿಲ್ಲ. ಚಿಕ್ಕದೇವರಾಯನ ಆಸ್ಥಾನದ ಕವಿಗಳು ಕಾವೇರಿಯ ಎರಡು ಕವಲುಗಳ ನಡುವೆ ಕುಳಿತು ಬರೆದವರು. ಆದರೂ ಅವರ ನದಿ ಬಹುಮಟ್ಟಿಗೆ ಶಾಸ್ತ್ರದ ನದಿ. ಆ ನಿಯಮದಲ್ಲಿ ಮಹತ್ತಾದ ಕಾವ್ಯಗಳು ಹುಟ್ಟಿವೆ, ಅದು ಬೇರೆ ಮಾತು. ಒಂದು ಊರಿನ ಒಂದು ಸಂಜೆಗೆ ಕವಿತೆಯೊಳಗೆ ಜಾಗವಿರಲಿಲ್ಲವೆಂಬುದು ಇಲ್ಲಿನ ಮಾತು.

ಆದರೆ ಜಾಗವನ್ನು ಹೆಸರು ಹಿಡಿದು ನೋಡುವ ಕಣ್ಣು ಕನ್ನಡಿಗರಿಗೆ ಇಂಗ್ಲಿಷಿನಿಂದಲೇ ಬಂತೆಂದರೆ ತಪ್ಪಾದೀತು. ರೈಸ್ ಸಾಹೇಬರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ, ನಾಲ್ಕನೆಯ ಸಂಪುಟಗಳಲ್ಲಿ ಈ ತಾಲ್ಲೂಕುಗಳ ಶಾಸನಗಳಿವೆ. ಭೂಮಿಯನ್ನು ದತ್ತಿ ಬಿಡುವ ಶಾಸನಗಳಲ್ಲಿ ಎಲ್ಲೆಯನ್ನು ಹೇಳುವ ಭಾಗವನ್ನು ಓದಿದರೆ ಸಂತೋಷವಾಗುತ್ತದೆ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಕೆರೆಯ ಕೋಡಿ ಎಂದು ಬೊಟ್ಟುಮಾಡಿ ತೋರಿಸುವ ಗದ್ಯ ಅದು. ಅದರ ಉದ್ದೇಶ ಸೌಂದರ್ಯವಲ್ಲ, ಹಕ್ಕು. ಆದರೂ ನೆಲವನ್ನು ನೆಲವಾಗಿ ನೋಡಿದ ಕನ್ನಡ ಅದರಲ್ಲಿದೆ. ಇಂಗ್ಲಿಷ್ ಕವಿತೆ ಮಾಡಿದ ಉಪಕಾರವೆಂದರೆ, ಶಾಸನದ ಕಲ್ಲಿನಲ್ಲಿದ್ದ ಈ ಕಣ್ಣಿಗೆ ಕಾವ್ಯದ ಮನೆಯ ಬಾಗಿಲು ತೆರೆದದ್ದು.

ಬಾಗಿಲು ತೆರೆದವರು ಬೆಳ್ಳೂರಿನ ಶ್ರೀಕಂಠಯ್ಯನವರು. ೧೯೧೧ರಲ್ಲಿ ಧಾರವಾಡದಲ್ಲಿ ಅವರು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾಡಿದ ಭಾಷಣವೂ, ೧೯೨೬ರಲ್ಲಿ ಪುಸ್ತಕವಾಗಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನವೂ ಹೊಸಗನ್ನಡದ ಚರಿತ್ರೆಯಲ್ಲಿ ಎಷ್ಟು ಮುಖ್ಯವೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಆದಿಪ್ರಾಸದ ಕಟ್ಟನ್ನು ಸಡಿಲಿಸಿ, ಮಾತ್ರಾಗಣಗಳನ್ನು ಹೊಸ ರೀತಿಯಲ್ಲಿ ಕೂಡಿಸಿ, ಬಿಡಿಗವಿತೆಗೆ ಬೇಕಾದ ಹಗುರವಾದ ನಡೆಯನ್ನು ಅವರು ಕಲ್ಪಿಸಿಕೊಟ್ಟರು. ಆ ಸಂಕಲನದ ವಸಂತದ ಹಾಡು ಶಾಲೆಯ ಮಕ್ಕಳ ಬಾಯಲ್ಲಿ ತಲೆಮಾರುಗಳ ಕಾಲ ನಲಿದಿದೆ. ಅದರ ಮೂಲ ಷೇಕ್ಸ್‌ಪಿಯರನ ಸಮಕಾಲೀನನಾದ ಥಾಮಸ್ ನ್ಯಾಷ್ ಎಂಬಾತನದು. ವಸಂತನನ್ನು ಅರಸನೆನ್ನುವುದು ನಮಗೂ ಹೊಸದಲ್ಲ. ಸಂಸ್ಕೃತ ಕವಿಗಳಿಗೆ ಅವನು ಋತುರಾಜನೇ. ಆದ್ದರಿಂದ ಹಾಡು ಕನ್ನಡದಲ್ಲಿ ಹುಟ್ಟಿದಂತೆಯೇ ಆರಂಭವಾಗುತ್ತದೆ. ಆದರೆ ಹಕ್ಕಿಗಳು ಕೂಗುವ ಕಡೆ ಬಂದಾಗ ಶ್ರೀಕಂಠಯ್ಯನವರು ಮೂಲದ ಕೂಗುಗಳನ್ನೇ ಕನ್ನಡ ಅಕ್ಷರದಲ್ಲಿ ಉಳಿಸಿಕೊಂಡರು. ಅವು ಇಂಗ್ಲಿಷ್ ಹಕ್ಕಿಗಳ ಕೂಗು. ಬೆಳ್ಳೂರಿನ ತೋಪಿನಲ್ಲಿ ಆ ಹಕ್ಕಿಗಳೆಲ್ಲ ಕೂಗಲಾರವು.

ಇದನ್ನು ದೋಷವೆಂದು ಎತ್ತಿ ತೋರಿಸಿ ಗೆದ್ದೆನೆಂದುಕೊಳ್ಳುವುದು ಸುಲಭ. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಮಕ್ಕಳಿಗೆ ಆ ಸದ್ದಿನಿಂದ ದೊರೆತ ಆನಂದವೇ ಅದಕ್ಕೆ ಸಮರ್ಥನೆ. ಆದರೆ ಹಾಡಿನ ಅರ್ಥವನ್ನು ಕುರಿತು ಒಂದು ಮಾತಿದೆ. ಇಂಗ್ಲೆಂಡಿನಲ್ಲಿ ವಸಂತವೆಂದರೆ ತಿಂಗಳುಗಟ್ಟಲೆ ಕೊರೆದ ಚಳಿಯಿಂದ ಬಿಡುಗಡೆ. ನಮ್ಮ ಚೈತ್ರದಲ್ಲಿ ಹೊಂಗೆ ಚಿಗುರುತ್ತದೆ, ಬೇವು ಹೂಬಿಡುತ್ತದೆ, ನಿಜ; ಜೊತೆಗೆ ನಾಗಮಂಗಲದ ಕಡೆಯ ಕೆರೆಯಂಗಳ ಬಿರುಕು ಬಿಡುತ್ತದೆ. ಅಲ್ಲಿಯ ರೈತನಿಗೆ ಬಿಡುಗಡೆಯ ಋತು ಮುಂಗಾರು. ಶ್ರೀಕಂಠಯ್ಯನವರು ತಂದುಕೊಟ್ಟ ನಡೆಯಲ್ಲಿ ಮುಂಗಾರಿನ ಹಾಡನ್ನು ಬರೆಯುವುದು ಮುಂದಿನವರ ಕೆಲಸವಾಗಿತ್ತು. ನಡೆಯನ್ನು ಕೊಟ್ಟವರಿಂದಲೇ ನೆಲವನ್ನೂ ಕೇಳುವುದು ನ್ಯಾಯವಲ್ಲ.

ಮೇಲುಕೋಟೆಯ ಪು. ತಿ. ನ. ಅವರಲ್ಲಿ ನೆಲ ಬಂತು. ಆದರೆ ಅದು ಕಣಿವೆಯ ಹಸುರಲ್ಲ, ಬಂಡೆಯ ನೆಲ. ಮೇಲುಕೋಟೆಗೆ ಹೊಳೆಯಿಲ್ಲ, ಕೊಳಗಳಿವೆ. ಹರಿಯುವ ನೀರಿನ ಬದಲು ನಿಂತ ನೀರು, ಅದರಲ್ಲಿ ಬಿದ್ದ ಆಕಾಶ. ೧೯೩೩ರ ‘ಹಣತೆ’ಯಿಂದ ಮೊದಲುಗೊಂಡು ಅವರು ಬರೆದುದನ್ನು ‘ಇಂಗ್ಲಿಷ್ ರಮ್ಯ ಸಂಪ್ರದಾಯ’ವೆಂಬ ಡಬ್ಬಿಯಲ್ಲಿ ಹಾಕಿ ಮುಚ್ಚುವವರು ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ. ಟಿಂಟರ್ನ್ ಕವಿತೆಯ ಶೀರ್ಷಿಕೆಯಲ್ಲಿ ಮಠದ ಹೆಸರಿದೆ, ಕವಿತೆಯೊಳಗೆ ಮಠವಿಲ್ಲ. ಅಲ್ಲಿಯ ದೇವರು ಪಾಳುಬಿದ್ದ ಕಟ್ಟಡವನ್ನು ಬಿಟ್ಟು ಕಾಡಿಗೂ ನದಿಗೂ ಹೋಗಿ ಸೇರಿಕೊಂಡಿದ್ದಾನೆ. ಅವನನ್ನು ಹುಡುಕಲು ಕವಿ ಒಬ್ಬನೇ ಹೋಗಬೇಕು. ಮೇಲುಕೋಟೆಯ ದೇವರಾದರೋ ಇನ್ನೂ ಗುಡಿಯಲ್ಲೇ ಇದ್ದಾನೆ. ವರ್ಷಕ್ಕೊಮ್ಮೆ ವೈರಮುಡಿ ಧರಿಸಿ ಬೀದಿಗೆ ಬರುತ್ತಾನೆ, ಊರೆಲ್ಲ ಜೊತೆಗಿರುತ್ತದೆ. ಆದ್ದರಿಂದ ಪು. ತಿ. ನ. ಅವರಿಗೆ ಬೆಟ್ಟವೂ ಗುಡಿಯೂ ಎರಡು ಬೇರೆ ಲೋಕಗಳಲ್ಲ. ‘ಮಲೆದೇಗುಲ’ ಎಂಬ ಅವರ ಸಂಕಲನದ ಹೆಸರೇ ಎರಡನ್ನೂ ಒಂದು ಮಾತಾಗಿ ಬೆಸೆದಿದೆ.

ಅವರ ಕಾವ್ಯವಿಚಾರವೂ ಹೀಗೆಯೇ. ಭಾವವು ಶಾಂತಿಯ ಹೊತ್ತಿನಲ್ಲಿ ಮರಳಿ ನೆನೆದಾಗ ಕವಿತೆಯಾಗುತ್ತದೆಂದು ವರ್ಡ್ಸ್‌ವರ್ತ್ ೧೮೦೦ರ ಪೀಠಿಕೆಯಲ್ಲಿ ಹೇಳಿದ. ಪು. ತಿ. ನ. ಅವರು ಕವಿಗೆ ಬೇಕಾದುವೆಂದು ಹೇಳಿದ್ದು ಭವನಿಮಜ್ಜನದ ಚಾತುರ್ಯ ಮತ್ತು ಲಘಿಮಾಕೌಶಲ. ಎಂದರೆ ಸಂಸಾರದಲ್ಲಿ ಮುಳುಗುವ ಜಾಣ್ಮೆ, ಮುಳುಗಿದ್ದೂ ಹಗುರಾಗಿ ಏಳುವ ಕುಶಲತೆ. ದೂರ ಸರಿದು ನೆನೆಯುವುದು ಒಂದು, ಒಳಗೆ ಮುಳುಗಿ ಏಳುವುದು ಇನ್ನೊಂದು. ಕೊಳದಲ್ಲಿ ಮೀಯುವ ಊರಿನವರಿಗೆ ಮಾತ್ರ ಹೊಳೆಯಬಹುದಾದ ಹೋಲಿಕೆ ಇದು. ‘ಗೋಕುಲ ನಿರ್ಗಮನ’ದ ಗೋಕುಲವೂ ಏಕಾಂತದ ಹುಲ್ಲುಗಾವಲಲ್ಲ. ಅದು ಒಂದು ಊರು. ಕೃಷ್ಣ ಮಥುರೆಗೆ ಹೊರಟಾಗ ಬರಿದಾಗುವುದು ಊರಿನ ಬಾಳು.

ಮೇಲುಕೋಟೆಯಲ್ಲಿ ಭಕ್ತನಿದ್ದರೆ ಹೇಮಾವತಿಯ ದಡದಲ್ಲಿ ಸಂದೇಹಿಯಿದ್ದರು. ಅಕ್ಕಿಹೆಬ್ಬಾಳಿನ ಮೂರ್ತಿರಾಯರು ಇಂಗ್ಲಿಷ್ ಅಧ್ಯಾಪಕರು. ೧೯೩೭ರ ‘ಹಗಲುಗನಸುಗಳು’ ಕನ್ನಡದ ಲಲಿತಪ್ರಬಂಧಕ್ಕೆ ಮಾದರಿಯಾಯಿತು. ತೊಂಬತ್ತು ದಾಟಿದ ಮೇಲೆ ೧೯೯೧ರಲ್ಲಿ ‘ದೇವರು’ ಪುಸ್ತಕ ಬರೆದು, ತಾವು ದೇವರನ್ನು ನಂಬದಿರುವುದಕ್ಕೆ ಕಾರಣಗಳನ್ನು ಮೆಲುದನಿಯಲ್ಲಿ ಒಪ್ಪಿಸಿದರು. ಪ್ರಬಂಧವೆಂಬ ರೂಪ ಅವರಿಗೆ ಇಂಗ್ಲಿಷಿನಿಂದ ಬಂತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಇಂಗ್ಲಿಷ್ ಪ್ರಬಂಧಕಾರರಲ್ಲಿ ಹ್ಯಾಜ್ಲಿಟ್ಟನಂಥವನಿಗೆ ಹಳ್ಳಿಗಾಡಿನ ದಾರಿಯಲ್ಲಿ ಜೊತೆಯವರಿರುವುದೇ ಬೇಡ. ಒಬ್ಬನೇ ನಡೆದರೆ ಅವನಿಗೆ ಸುಖ. ಮೂರ್ತಿರಾಯರ ‘ಅಲೆಯುವ ಮನ’ ಎಷ್ಟು ಅಲೆದರೂ ಜೊತೆಯಲ್ಲಿ ಒಬ್ಬರನ್ನು ಕೂರಿಸಿಕೊಂಡೇ ಅಲೆಯುತ್ತದೆ. ಅವರ ವಾಕ್ಯ ಜಗಲಿಯ ಮೇಲೆ ಕುಳಿತು ಆಡಿದ ಮಾತು. ಎದುರಿಗೆ ಕೇಳುವವನಿದ್ದಾನೆಂಬ ಎಚ್ಚರ ಅದರಲ್ಲಿ ಎಂದೂ ತಪ್ಪುವುದಿಲ್ಲ.

ಇನ್ನು ಕಿಕ್ಕೇರಿಯ ನರಸಿಂಹಸ್ವಾಮಿಯವರು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ೧೯೪೨ರಲ್ಲಿ ‘ಮೈಸೂರು ಮಲ್ಲಿಗೆ’ ಬಂದಾಗ ಅದರ ಹಿಂದೆ ರಾಬರ್ಟ್ ಬರ್ನ್ಸ್ ಇದ್ದಾನೆಂದು ಎಲ್ಲರೂ ಹೇಳಿದರು. ಕವಿಯೂ ಅದನ್ನು ಮುಚ್ಚಿಟ್ಟವರಲ್ಲ. ಬರ್ನ್ಸನ ಪ್ರೇಮಗೀತೆಗಳನ್ನು ಕನ್ನಡಿಸಿದವರು ಅವರೇ. ಆದರೆ ಬರ್ನ್ಸ್ ಇಂಗ್ಲಿಷ್ ಕಣಿವೆಯ ಕವಿಯಲ್ಲ. ಅವನು ಸ್ಕಾಟ್ಲೆಂಡಿನ ಬಡ ರೈತನ ಮಗ, ಸ್ವತಃ ನೇಗಿಲು ಹಿಡಿದವನು, ಊರವರ ಹಾಡುಗಳನ್ನು ಊರವರ ನುಡಿಯಲ್ಲಿ ತಿದ್ದಿ ಬರೆದವನು. ಅವನಿಂದ ನರಸಿಂಹಸ್ವಾಮಿಯವರು ಕಲಿತುದು ಹುಲ್ಲುಗಾವಲನ್ನಲ್ಲ. ಮನೆಯ ಮಾತಿಗೆ ಹಾಡಾಗುವ ಹಕ್ಕಿದೆಯೆಂಬ ಧೈರ್ಯವನ್ನು.

ಆ ಸಂಕಲನದಲ್ಲಿ ಒಂದು ಕವಿತೆಯಿದೆ. ಗಂಡನು ಒಂದಿರುಳು ಕನಸಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ: ತನ್ನ ಊರು ಹೊನ್ನೂರು, ಅವಳ ಊರು ನವಿಲೂರು, ಎರಡರಲ್ಲಿ ಅವಳಿಗೆ ಚೆಲುವಾದುದು ಯಾವುದೆಂದು. ಹೀಗೆ ಕೇಳಬಹುದೇ ಎಂದು ಆಕೆ ಮೊದಲು ಗಂಡನನ್ನೇ ಗದರುತ್ತಾಳೆ. ಇಲ್ಲಿ ಸ್ವಲ್ಪ ಯೋಚಿಸಿ. ಇಂಗ್ಲಿಷ್ ಕವಿ ಒಂದು ಕಣಿವೆಯ ಚೆಲುವನ್ನು ಅಳೆಯುವಾಗ ಅಳೆಯುವ ಕೋಲು ಅವನ ಮನಸ್ಸು: ಐದು ವರ್ಷದ ಹಿಂದೆ ನಾನು ಹೇಗಿದ್ದೆ, ಈಗ ಹೇಗಿದ್ದೇನೆ. ನರಸಿಂಹಸ್ವಾಮಿಯವರ ಅಳತೆಗೋಲು ಸಂಬಂಧ. ಒಂದು ಹುಟ್ಟಿದ ಊರು, ಒಂದು ಸೇರಿದ ಊರು. ಎರಡೂರುಗಳ ನಡುವಿನ ದಾರಿಯೇ ಅವರ ನಿಸರ್ಗ. ಆ ದಾರಿಯಲ್ಲಿ ಬಳೆಗಾರ ಚೆನ್ನಯ್ಯ ಬಳೆಯ ಮಲಾರವನ್ನು ಹೊತ್ತು, ಹೆಂಡತಿಯ ತವರಿನ ಸುದ್ದಿಯನ್ನೂ ಹೊತ್ತು ಬರುತ್ತಾನೆ. ಅಳಿಯ ರಾಯರು ಮಾವನ ಮನೆಗೆ ರಾತ್ರಿ ಬಂದಿಳಿಯುತ್ತಾರೆ. ಬಂದವರಿಗೆ ಬೇಕಾದವಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮನೆಯ ತುಂಬ ಜನ, ಉಪಚಾರ, ನಗು. ಅದರ ನಡುವೆ ರಾಯರ ಕಾತರ. ಜನರ ನಡುವೆಯೇ ಅನುಭವಿಸುವ ಇಂಥ ಒಂಟಿತನವನ್ನು ಗ್ರಾಸ್‌ಮಿಯರಿನ ಕವಿ ಬರೆಯಲಾರ. ಅವನಿಗೆ ಅಷ್ಟು ನೆಂಟರಿಲ್ಲ.

ಹೀಗಾಗಲು ನೆಲದಲ್ಲಿಯೇ ಕಾರಣವಿದೆಯೆಂದು ನನ್ನ ಭಾವನೆ. ಈ ಬಯಲಿನ ಹಸುರು ತಾನಾಗಿ ಬೆಳೆದದ್ದಲ್ಲ. ಶ್ರೀರಂಗಪಟ್ಟಣದ ಸುತ್ತಿನ ಚಿಕ್ಕದೇವರಾಜಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇವು ಅರಸರ ಕಾಲದವು. ೧೯೧೧ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿಯ ಅಣೆಕಟ್ಟೆಯಿಂದ ಹೊರಟು, ಮೊದಲು ಇರ್ವಿನ್ ನಾಲೆಯೆಂದೂ ತರುವಾಯ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ ಪಾಂಡವಪುರ, ಮಂಡ್ಯಗಳ ಕಡೆಗೆ ನೀರು ಹರಿಸಿತು. ಒಂದು ಗದ್ದೆಯ ನೀರು ಇನ್ನೊಂದು ಗದ್ದೆಗೆ ಇಳಿಯಬೇಕಾದ ಕಡೆ ನೆರೆಯವನೊಡನೆ ಮಾತಾಡದೆ ಬೆಳೆ ಬರುವುದಿಲ್ಲ. ಜಗಳವಾದರೂ ಆಡಲೇಬೇಕು. ಇಂಥ ನೆಲದ ನಿಸರ್ಗಕವಿತೆಯಲ್ಲಿ ಮನುಷ್ಯರ ಮಾತು ಕೇಳಿಸದಿದ್ದರೆ ಆಗ ಅದನ್ನು ಎರವಲೆಂದು ಸಂದೇಹಿಸಬಹುದು. ಕೇಳಿಸಿದ ಕಡೆಯೆಲ್ಲ ಅದು ನಮ್ಮದೇ.

ಇಷ್ಟರಮಟ್ಟಿಗೆ ನನ್ನ ವಾದ ನಮ್ಮ ಕವಿಗಳ ಪರವಾದದ್ದು. ಆದರೆ ಲೆಕ್ಕವೆಂದ ಮೇಲೆ ಬಾಕಿಯನ್ನೂ ಬರೆಯಬೇಕು. ನಮ್ಮವರು ಇಂಗ್ಲಿಷ್ ಕಣಿವೆಯಿಂದ ತಾರದೆ ಬಿಟ್ಟ ಒಂದು ವಸ್ತುವಿದೆ; ಬಿಡಬಾರದಿತ್ತು.

ವರ್ಡ್ಸ್‌ವರ್ತ್ ಡ್ಯಾಫೊಡಿಲ್ ಹೂವಿನ ಕವಿ ಮಾತ್ರವಲ್ಲ. ೧೮೦೦ರಲ್ಲಿ ಪ್ರಕಟವಾದ ಅವನ ‘ಮೈಕೇಲ್’ ಕವಿತೆಯಲ್ಲಿ ಒಬ್ಬ ಮುದುಕ ಕುರುಬನಿದ್ದಾನೆ. ಬಂಧುವೊಬ್ಬನಿಗೆ ಜಾಮೀನು ನಿಂತ ಕಾರಣ ಜಮೀನು ಹೋಗುವ ಹಾಗಾಗುತ್ತದೆ. ಅದನ್ನು ಉಳಿಸಲು ಒಬ್ಬನೇ ಮಗನನ್ನು ಪಟ್ಟಣಕ್ಕೆ ಸಂಪಾದನೆಗೆ ಕಳುಹಿಸುತ್ತಾನೆ. ಹೊರಡುವ ಮೊದಲು ಮಗನ ಕೈಯಿಂದ ಹೊಸ ಕುರಿದೊಡ್ಡಿಗೆ ಮೊದಲ ಕಲ್ಲನ್ನು ಇಡಿಸುತ್ತಾನೆ. ಮಗ ಪಟ್ಟಣದಲ್ಲಿ ಕೆಡುತ್ತಾನೆ, ದೇಶ ಬಿಟ್ಟು ಓಡುತ್ತಾನೆ. ಮುದುಕ ದಿನವೂ ದೊಡ್ಡಿಯ ಬಳಿಗೆ ಹೋಗಿ ಕೂರುತ್ತಾನೆ. ದೊಡ್ಡಿ ಅರೆಯಾಗಿಯೇ ಉಳಿಯುತ್ತದೆ. ಕಣಿವೆಯ ಮೌನಕ್ಕೆ ನಿಜವಾದ ಅರ್ಥ ಬರುವುದು ಈ ಕವಿತೆಯಲ್ಲಿ. ನಮ್ಮ ಪಾಠಪಟ್ಟಿಗಳಿಗೆ ಹೂವು ಬಂತು, ಮೈಕೇಲ್ ಅಷ್ಟಾಗಿ ಬರಲಿಲ್ಲ.

‘ಮೈಸೂರು ಮಲ್ಲಿಗೆ’ಯ ಊರಿನಲ್ಲಿ ಶಾನುಭೋಗರಿದ್ದಾರೆ, ರಾಯರಿದ್ದಾರೆ, ಬಾಗಿಲ ತನಕ ಬರುವ ಬಳೆಗಾರನಿದ್ದಾನೆ, ಮಂಡಿಯುದ್ದ ಕೆಸರಿನಲ್ಲಿ ನಿಂತು ನಾಟಿ ಹಾಕುವ ಹೆಂಗಸರು ದೂರದಲ್ಲಿಯೇ ಉಳಿದಿದ್ದಾರೆ. ಆ ಹೆಂಗಸರು ಹಾಡದೆ ಇದ್ದವರಲ್ಲ. ಅವರಂಥವರ ಹಾಡನ್ನು ಕೇಳಿ ಬರೆದಿಟ್ಟವರು ನರಸಿಂಹಸ್ವಾಮಿಯವರು ಹುಟ್ಟಿದ ೧೯೧೫ರಲ್ಲಿಯೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು. ‘ಸೋಬಾನೆ ಚಿಕ್ಕಮ್ಮನ ಪದಗಳು’ ಅವರ ಸಂಗ್ರಹ. ರಾಮನಗರದ ಬಳಿಯ ಜಾನಪದ ಲೋಕ ಅವರ ಸ್ಥಾಪನೆ. ನಮ್ಮ ನಾಡನ್ನು ಪರದೇಶದವರು ನೋಡಿದ ಬಗೆಯನ್ನು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಅವರೇ. ಪಕ್ಕಪಕ್ಕದ ತಾಲ್ಲೂಕುಗಳಲ್ಲಿ ಒಂದೇ ವರ್ಷ ಹುಟ್ಟಿದ ಈ ಇಬ್ಬರ ಪುಸ್ತಕಗಳನ್ನು ನಾವು ಎರಡು ಬೇರೆ ಕಪಾಟುಗಳಲ್ಲಿ ಇಟ್ಟಿದ್ದೇವೆ: ಒಂದಕ್ಕೆ ಕಾವ್ಯವೆಂದು ಹೆಸರು, ಇನ್ನೊಂದಕ್ಕೆ ಜಾನಪದವೆಂದು. ಬರ್ನ್ಸ್ ಎರಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ. ಅವನಿಂದ ಇನ್ನೂ ಕಲಿಯುವುದು ಉಳಿದಿತ್ತು ಎನ್ನಲು ಇದೇ ಕಾರಣ.

ಇದು ಹಳೆಯ ಕವಿಗಳ ಮೇಲೆ ಈಗ ಕುಳಿತು ಹೊರಿಸುವ ಬಾಕಿಯೆಂದು ಯಾರಾದರೂ ಆಕ್ಷೇಪಿಸಬಹುದು. ಕವಿ ತಾನು ಕಂಡ ಮನೆಯನ್ನು ತಾನೇ ಬರೆಯಬೇಕು, ಕಾಣದ ಮನೆಯನ್ನು ಬರೆ ಎಂದು ಬಲವಂತ ಮಾಡಬಹುದೇ ಎಂದು ಕೇಳಬಹುದು. ಒಪ್ಪತಕ್ಕ ಮಾತು. ಆದ್ದರಿಂದಲೇ ಬಾಕಿಯನ್ನು ನಾನು ಸತ್ತವರ ಹೆಸರಿಗೆ ಬರೆಯುತ್ತಿಲ್ಲ, ಇದ್ದವರ ಹೆಸರಿಗೆ ಬರೆಯುತ್ತಿದ್ದೇನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲೆಯ ನೀರು ಹರಿದದ್ದು ಒಂದು ಭಾಗಕ್ಕೆ. ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ಮಳೆಯನ್ನೇ ನೆಚ್ಚಿದ ಬೆದ್ದಲು ಬಹಳ. ಅಲ್ಲಿಯ ಹುಡುಗರು ತಲೆಮಾರುಗಳಿಂದ ಮುಂಬಯಿಗೆ ದುಡಿಯಲು ಹೋದವರು. ೨೦೨೦ರ ಮೇ ತಿಂಗಳಲ್ಲಿ, ಸೋಂಕಿನ ಕಾಲದಲ್ಲಿ, ಅವರು ತಂಡೋಪತಂಡವಾಗಿ ಊರಿಗೆ ಮರಳಿದರು. ಅಷ್ಟು ಜನ ಹೊರಗಿದ್ದರೆಂಬುದು ಉಳಿದ ಕನ್ನಡಿಗರಿಗೆ ತಿಳಿದದ್ದೇ ಆಗ. ಪತ್ರಿಕೆಗಳಲ್ಲಿ ಅವರು ದಿನದಿನದ ಅಂಕಿಗಳಾಗಿ ಬಂದರು. ಶಾಲೆಯ ಕೊಠಡಿಗಳಲ್ಲಿ ಬೇರೆಯಾಗಿ ಇರಿಸಲ್ಪಟ್ಟು, ತಮ್ಮ ಊರಿನ ಕೆರೆಯೇರಿಯನ್ನು ಕಿಟಕಿಯಿಂದ ನೋಡಿದ ಆ ಮಕ್ಕಳ ಕಣ್ಣಿಗೆ ಆ ಏರಿ ಹೇಗೆ ಕಂಡಿರಬೇಡ! ಅವರನ್ನು ಕಾದ ತಾಯಿತಂದೆಗಳಿಗೆ ಹೇಗೆ ಕಂಡಿರಬೇಡ! ಐದು ವರ್ಷಗಳ ಮೇಲೆ ಮತ್ತೆ ಕಂಡ ನದಿಯನ್ನು ಕುರಿತು ಇಂಗ್ಲಿಷ್ ಕವಿ ಬರೆದುದು ಮಹತ್ತಾದ ಕವಿತೆಯಾಗುವುದಾದರೆ, ಇದೂ ಕವಿತೆಗೆ ತಕ್ಕ ವಸ್ತುವೇ.

ನಾನು ಹೇಳಬೇಕೆಂದಿದ್ದುದು ಇಷ್ಟು. ಇಂಗ್ಲಿಷ್ ಕಣಿವೆಯಿಂದ ನಮ್ಮ ಕವಿಗಳು ಒಂದು ಜಾಗದಲ್ಲಿ ನಿಲ್ಲುವುದನ್ನು ಕಲಿತರು. ಅಲ್ಲಿಯ ಏಕಾಂತವನ್ನು ಬಿಟ್ಟು, ಆ ಜಾಗವನ್ನು ನೆಂಟರಿಂದಲೂ ದೇವರಿಂದಲೂ ಮಾತಿನಿಂದಲೂ ತುಂಬಿದರು. ಅದನ್ನು ಅನುಕರಣವೆನ್ನುವುದು ಅವರನ್ನು ಓದದೆ ಆಡುವ ಮಾತು. ಆದರೆ ಅವರು ತುಂಬಿದ ಊರಿನಲ್ಲಿ ಕೆಲವು ಕೇರಿಗಳು ಖಾಲಿ ಉಳಿದಿವೆ. ಯಾರು ಯಾರಿಗೆ ಋಣಿಯೆಂದು ಆಕರಗಳನ್ನು ಕೆದಕುವುದರಲ್ಲಿ ವಿಮರ್ಶೆ ಸಾಕಷ್ಟು ದಿನ ಕಳೆದಿದೆ. ಇನ್ನು ಮೇಲೆ ಆ ಕೇರಿಗಳನ್ನು ಹೆಸರು ಹಿಡಿದು ತೋರಿಸುವುದು ಅದರ ಕೆಲಸವಾಗಲಿ. ಅಲ್ಲಿಂದ ಬರುವ ಹುಡುಗ ಹುಡುಗಿಯರು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಡ್ಯಾಫೊಡಿಲ್ ಹೂವಿನ ಮೇಲೆ ಇನ್ನೊಂದು ಪ್ರಶ್ನೆ ಕೊಡುವ ಮೊದಲು, ನಿಮ್ಮ ಊರಿನ ಎಲ್ಲೆಗಳು ಯಾವುವೆಂದು ಅವರನ್ನು ಒಮ್ಮೆ ಕೇಳಿ ನೋಡಬಾರದೇಕೆ?